ಅವಯವ, ಅವಯವಿ, ಅಂಚು: ಕೈಯ ಅರ್ಬುದದ ಮುಂದೆ ಕೆಲವು ತಾತ್ತ್ವಿಕ ಪ್ರಶ್ನೆಗಳು

ಶಂಕರಾಚಾರ್ಯರ ‘ಉಪದೇಶಸಾಹಸ್ರೀ’ಯ ಪದ್ಯಭಾಗದ ಆರನೆಯ ಪ್ರಕರಣವು ಕಡಿದು ಬಿಸುಟ ಕೈಯೊಂದರ ದೃಷ್ಟಾಂತದಿಂದ ತೊಡಗುತ್ತದೆ. ದೇಹದಿಂದ ಬೇರ್ಪಟ್ಟ ಕೈ ಹೇಗೆ ಆತ್ಮನಿಗೆ ವಿಶೇಷಣವಾಗಲಾರದೋ, ಎಂದರೆ ‘ಇವನು ಇಂಥವನು’ ಎಂದು ಆತ್ಮನನ್ನು ಗುರುತಿಸಿಕೊಡುವ ಲಕ್ಷಣವಾಗಿ ಉಳಿಯಲಾರದೋ, ಹಾಗೆಯೇ ಇನ್ನೂ ಮೈಗಂಟಿಕೊಂಡಿರುವ ಮಿಕ್ಕೆಲ್ಲವೂ ವಿಶೇಷಣವಾಗಲಾರದು ಎಂಬುದು ಅಲ್ಲಿನ ವಾದಸರಣಿ. ಕತ್ತರಿಸಿ ಬಿದ್ದ ಕೈಯನ್ನು ತೋರಿಸಿ ‘ಇದು ನಾನು’ ಎಂದು ಯಾರೂ ಹೇಳುವುದಿಲ್ಲವೆಂಬ ಲೋಕಾನುಭವವೇ ಇದರ ಬುನಾದಿ. ಎಷ್ಟೋ ಶತಮಾನಗಳ ತರುವಾಯ, 1644ರಲ್ಲಿ, ಫ್ರಾನ್ಸಿನ ತತ್ತ್ವಜ್ಞಾನಿ ರೆನೆ ಡೆಕಾರ್ಟ್ ತತ್ತ್ವಶಾಸ್ತ್ರದ ಮೂಲಸೂತ್ರಗಳನ್ನು ಕುರಿತ ತನ್ನ ಗ್ರಂಥದ ನಾಲ್ಕನೆಯ ಭಾಗದಲ್ಲಿ ಇಂಥದೇ ಕೈಯೊಂದನ್ನು ಬೇರೊಂದು ಉದ್ದೇಶಕ್ಕೆ ಬಳಸಿಕೊಂಡ. ಕೈ ಕೊಳೆತದ್ದರಿಂದ ಹುಡುಗಿಯೊಬ್ಬಳ ತೋಳನ್ನು ಮೊಣಕೈವರೆಗೆ ತೆಗೆದು, ಅವಳಿಗೆ ತಿಳಿಯದಂತೆ ಆ ಜಾಗಕ್ಕೆ ಬಟ್ಟೆ ಸುತ್ತಿಟ್ಟಿದ್ದರೂ, ಅವಳು ಇಲ್ಲದ ಬೆರಳುಗಳಲ್ಲಿ ನೋವೆಂದು ನರಳುತ್ತಿದ್ದಳು. ಆದ್ದರಿಂದ ನೋವಿನ ಅನುಭವ ನಡೆಯುವುದು ಕೈಯಲ್ಲಲ್ಲ, ಮಿದುಳಿನ ಮೂಲಕ ಮನಸ್ಸಿನಲ್ಲಿ ಎಂದು ಅವನು ತೀರ್ಮಾನಿಸಿದ.

ಈ ಇಬ್ಬರ ವಿಚಾರವೂ ಆರಂಭವಾಗುವುದು ಛೇದನ ಮುಗಿದ ಮೇಲೆ. ಕೈಯನ್ನು ಯಾರು ಕಡಿದರು, ಯಾವ ನಿಶ್ಚಯದ ಬಲದಿಂದ ಕಡಿದರು, ಅಷ್ಟನ್ನೇ ಏಕೆ ಕಡಿದರು ಎಂಬ ಪ್ರಶ್ನೆಗಳು ಅವರಿಗೆ ಬೇಕಾಗಿರಲಿಲ್ಲ. ಕೈಯಲ್ಲಿ ಹುಟ್ಟುವ ಅಪರೂಪದ ಅರ್ಬುದಗಳ ಚಿಕಿತ್ಸೆಯಲ್ಲಿ ಇವೇ ಮೊದಲಿಗೆ ಬಂದು ನಿಲ್ಲುವ ಪ್ರಶ್ನೆಗಳು; ಇವುಗಳಿಗೆ ವೈದ್ಯಶಾಸ್ತ್ರವು ಕೊಡುವ ಉತ್ತರಗಳಲ್ಲಿ ಧರ್ಮಶಾಸ್ತ್ರಕ್ಕೂ ತರ್ಕಶಾಸ್ತ್ರಕ್ಕೂ ಸೇರಿದ ಅಂಶಗಳು ಸಾಕಷ್ಟಿವೆ.

ಚರ್ಮ ಅಥವಾ ಒಳಾಂಗಗಳ ಹೊದಿಕೆಯ ಜೀವಕೋಶಗಳಲ್ಲಿ ಹುಟ್ಟುವ ಸಾಮಾನ್ಯ ಕ್ಯಾನ್ಸರಿಗಿಂತ ಭಿನ್ನವಾಗಿ, ಕೊಬ್ಬು, ಮಾಂಸಖಂಡ, ನರ, ರಕ್ತನಾಳ, ಸ್ನಾಯುರಜ್ಜು ಮುಂತಾದ ಜೋಡಣೆಯ ಅಂಗಾಂಶಗಳಲ್ಲಿ ಕಾಣಿಸಿಕೊಳ್ಳುವ ಕ್ಯಾನ್ಸರನ್ನು ಮೃದು ಅಂಗಾಂಶದ ಸಾರ್ಕೋಮಾ ಎನ್ನುತ್ತಾರೆ. ವಯಸ್ಕರಲ್ಲಿ ಕಾಣುವ ಕ್ಯಾನ್ಸರುಗಳಲ್ಲಿ ಇದರ ಪಾಲು ನೂರಕ್ಕೆ ಒಂದರ ಆಸುಪಾಸು. ಆ ಒಂದರೊಳಗೇ ಐವತ್ತಕ್ಕೂ ಹೆಚ್ಚು ಬಗೆಗಳು ಅಡಗಿವೆ, ಮತ್ತು ಅವುಗಳಲ್ಲಿ ಕೈಗೆ ಬರುವಂಥವು ಇನ್ನೂ ವಿರಳ. ಕೈಯನ್ನೇ ಹೆಚ್ಚಾಗಿ ಆರಿಸಿಕೊಳ್ಳುವ ಎಪಿಥೀಲಿಯಾಯ್ಡ್ ಸಾರ್ಕೋಮಾ ಎಂಬುದನ್ನು ಅಮೆರಿಕದ ರೋಗಲಕ್ಷಣತಜ್ಞ ಫ್ರಾಂಜ್ ಎನ್‌ಜಿಂಗರ್ 1970ರಲ್ಲಿ ಒಂದು ಸ್ವತಂತ್ರ ರೋಗವಾಗಿ ವಿವರಿಸಿದಾಗ, ಲೇಖನದ ಶೀರ್ಷಿಕೆಯಲ್ಲಿಯೇ ಅದು ಬೇರೆ ರೋಗಗಳ ವೇಷ ಹಾಕುತ್ತದೆಂಬ ಎಚ್ಚರಿಕೆ ಇತ್ತು. ಹರೆಯದವರ ಬೆರಳಿನಲ್ಲೋ ಅಂಗೈಯಲ್ಲೋ ನೋವಿಲ್ಲದ ಒಂದು ಗಟ್ಟಿ ಗಂಟಾಗಿ ಅದು ಮೊದಲಾಗುತ್ತದೆ. ಕೆಲವೊಮ್ಮೆ ಮೇಲಿನ ಚರ್ಮ ಒಡೆದು ಮಾಯದ ಹುಣ್ಣಾಗುತ್ತದೆ. ನರಹುಲಿ, ಸೋಂಕಿನ ಗಂಟು, ಸಂಧಿವಾತದ ಗಂಟು ಎಂದು ತಿಂಗಳುಗಟ್ಟಲೆ ಔಷಧೋಪಚಾರ ನಡೆಯುವುದೂ ಉಂಟು. ಹೆಚ್ಚಿನ ಸಾರ್ಕೋಮಾಗಳು ರಕ್ತದ ಮೂಲಕ ಶ್ವಾಸಕೋಶಕ್ಕೆ ಹರಡಿದರೆ, ಇದು ಕಂಕುಳಿನ ದುಗ್ಧಗ್ರಂಥಿಗಳಿಗೂ ಹೋಗುತ್ತದೆ, ಸ್ನಾಯುರಜ್ಜುಗಳ ಗುಂಟ ಮುಂಗೈಯತ್ತ ತೆವಳುತ್ತದೆ. ಎನ್‌ಜಿಂಗರ್ ಅದಕ್ಕೂ ಮೊದಲೇ, 1965ರಲ್ಲಿ, ಸ್ನಾಯುರಜ್ಜುಗಳಿಗೆ ಅಂಟಿಕೊಂಡು ಬೆಳೆಯುವ ಕ್ಲಿಯರ್ ಸೆಲ್ ಸಾರ್ಕೋಮಾವನ್ನು ಗುರುತಿಸಿದ್ದ. ಕೈಯಲ್ಲಿ ಕಂಡುಬರುವ ಮತ್ತೊಂದು ಮುಖ್ಯ ಬಗೆ ಸೈನೋವಿಯಲ್ ಸಾರ್ಕೋಮಾ.

ಕೈಯ ಮೇಲೆ ಎದ್ದ ಗಂಟುಗಳಲ್ಲಿ ಬಹುಪಾಲು ನಿರಪಾಯಕರ: ಮಣಿಕಟ್ಟಿನ ಮೇಲೆ ಏಳುವ ನೀರುಗಂಟು, ಕೊಬ್ಬಿನ ಗಡ್ಡೆ, ರಜ್ಜುವಿನ ಪೊರೆಯಿಂದ ಹುಟ್ಟುವ ಗಂಟು ಇತ್ಯಾದಿ. ಆದ್ದರಿಂದ ವೈದ್ಯನ ಅನುಮಾನವು ಸಾಧಾರಣವಾಗಿ ಹೀಗೆ ಸಾಗುತ್ತದೆ: ಇದು ನಿರಪಾಯಕರ, ಏಕೆಂದರೆ ಇದು ಕೈಯಲ್ಲಿ ನಿಧಾನವಾಗಿ ಬೆಳೆದ ಚಿಕ್ಕ ಗಂಟು. ನ್ಯಾಯಶಾಸ್ತ್ರವು ಇಂಥ ಹೇತುವನ್ನು ‘ಸವ್ಯಭಿಚಾರ’ವೆಂದು ಕರೆದು ಹೇತ್ವಾಭಾಸಗಳ, ಅಂದರೆ ಕಾರಣದಂತೆ ತೋರಿಯೂ ಕಾರಣವಲ್ಲದವುಗಳ, ಪಟ್ಟಿಯಲ್ಲಿ ಮೊದಲನೆಯದಾಗಿ ಇಟ್ಟಿದೆ. ಸಾಧ್ಯ, ಎಂದರೆ ಸಾಧಿಸಬೇಕಾದ ಅಂಶ, ಇರುವಲ್ಲಿಯೂ ಇಲ್ಲದಲ್ಲಿಯೂ ಒಂದೇ ತೆರನಾಗಿ ಕಾಣಿಸಿಕೊಳ್ಳುವ ಹೇತುವಿನಿಂದ ಏನೂ ಸಿದ್ಧವಾಗದು. ಚಿಕ್ಕದಾಗಿರುವುದು, ನೋವಿಲ್ಲದಿರುವುದು, ನಿಧಾನವಾಗಿ ಬೆಳೆಯುವುದು ಎಂಬ ಮೂರೂ ನೀರುಗಂಟಿನಲ್ಲಿಯೂ ಉಂಟು, ಸಾರ್ಕೋಮಾದಲ್ಲಿಯೂ ಉಂಟು. ತೊಡೆಯಂಥ ಜಾಗದಲ್ಲಿ ಐದು ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆ ಕಂಡರೆ ಶಂಕಿಸಬೇಕೆಂಬ ನಿಯಮ ಉಪಯೋಗಕ್ಕೆ ಬಂದೀತು. ಕೈಯಲ್ಲಿ ಎರಡು ಸೆಂಟಿಮೀಟರಿನ ಗಂಟೇ ಎದ್ದು ಕಾಣುವುದರಿಂದ ಆ ನಿಯಮ ಇಲ್ಲಿ ನೆರವಾಗದು.

ನ್ಯಾಯದರ್ಶನವು ಸಂಶಯವನ್ನು ತನ್ನ ಹದಿನಾರು ಪದಾರ್ಥಗಳಲ್ಲಿ ಒಂದಾಗಿ ಎಣಿಸಿರುವುದು ಈ ಸಂದರ್ಭದಲ್ಲಿ ಅರ್ಥಪೂರ್ಣ. ಭಾಷ್ಯಕಾರ ವಾತ್ಸ್ಯಾಯನನ ಪ್ರಕಾರ ಸಂಪೂರ್ಣ ಅಜ್ಞಾತವಾದ ವಸ್ತುವಿನಲ್ಲಿಯೂ ನಿರ್ಣಯವಾಗಿಬಿಟ್ಟ ವಸ್ತುವಿನಲ್ಲಿಯೂ ವಿಚಾರ ಪ್ರವರ್ತಿಸುವುದಿಲ್ಲ. ಸಂಶಯಕ್ಕೆ ಒಳಗಾದದ್ದರಲ್ಲಿ ಮಾತ್ರ ಅದಕ್ಕೆ ಕೆಲಸ. ಕೈಯ ಅರ್ಬುದದಲ್ಲಿ ನಡೆಯುವ ಅನರ್ಥಗಳಿಗೆ ಬಹುಮಟ್ಟಿಗೆ ಕಾರಣ ತಪ್ಪು ನಿರ್ಣಯವೂ ಅಲ್ಲ, ಸಂಶಯವೇ ಹುಟ್ಟದಿರುವುದು. ನೀರುಗಂಟೆಂದು ನಂಬಿ ಸಣ್ಣದೊಂದು ಅಡ್ಡಗಾಯ ಮಾಡಿ ಗಡ್ಡೆಯನ್ನು ಕಿತ್ತು, ನಂತರ ಪ್ರಯೋಗಶಾಲೆಯ ವರದಿಯಿಂದ ಅದು ಸಾರ್ಕೋಮಾ ಎಂದು ತಿಳಿದುಬರುವ ಪ್ರಸಂಗಗಳಿಗೆ ವೈದ್ಯಶಾಸ್ತ್ರದಲ್ಲಿ ‘ಯೋಜಿತವಲ್ಲದ ಛೇದನ’ ಎಂಬ ಹೆಸರೇ ಇದೆ. ಅಂಥ ಹೆಸರೊಂದು ಬೇಕಾಗುವಷ್ಟು ಸಲ ಅದು ನಡೆದಿದೆ ಎಂಬುದು ಗಮನಾರ್ಹ.

ಸಂಶಯ ಹುಟ್ಟಿದ ಮೇಲೆ ಪ್ರಮಾಣ ಬೇಕು. ಎಂಆರ್‌ಐ ಚಿತ್ರದಿಂದ ಗಡ್ಡೆ ಎಷ್ಟು ಆಳದಲ್ಲಿದೆ, ಯಾವ ನರ, ಯಾವ ರಜ್ಜುವಿನ ಪಕ್ಕದಲ್ಲಿದೆ ಎಂಬುದು ತಿಳಿದೀತು. ಅದರ ಜಾತಿ ತಿಳಿಯಬೇಕಾದರೆ ಅದರ ತುಣುಕೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಬಯಾಪ್ಸಿಯೇ ಆಗಬೇಕು. ಇಂದು ಸೂಕ್ಷ್ಮದರ್ಶಕದ ಜೊತೆಗೆ ಅಣುಮಟ್ಟದ ಗುರುತುಗಳೂ ದೊರೆಯುತ್ತವೆ: ಸೈನೋವಿಯಲ್ ಸಾರ್ಕೋಮಾದಲ್ಲಿ ಎಕ್ಸ್ ವರ್ಣತಂತುವಿನ ಮತ್ತು 18ನೆಯ ವರ್ಣತಂತುವಿನ ತುಂಡುಗಳು ಅದಲುಬದಲಾಗಿರುತ್ತವೆ, ಕ್ಲಿಯರ್ ಸೆಲ್ ಸಾರ್ಕೋಮಾದಲ್ಲಿ 12 ಮತ್ತು 22ನೆಯವು, ಎಪಿಥೀಲಿಯಾಯ್ಡ್ ಬಗೆಯಲ್ಲಿ ಐಎನ್‌ಐ-1 ಎಂಬ ಪ್ರೋಟೀನು ಜೀವಕೋಶದ ಕೇಂದ್ರದಿಂದ ಕಾಣೆಯಾಗಿರುತ್ತದೆ.

ಭಾರತೀಯ ಪ್ರಮಾಣವಿಚಾರದಲ್ಲಿ ಅರಿವು ವಸ್ತುವನ್ನು ಇದ್ದಂತೆಯೇ ಬೆಳಗುತ್ತದೆ, ಅದನ್ನು ಮಾರ್ಪಡಿಸುವುದಿಲ್ಲ. ಹಗ್ಗವನ್ನು ಹಗ್ಗವೆಂದು ತಿಳಿದುದರಿಂದ ಹಗ್ಗಕ್ಕೆ ಏನೂ ಆಗುವುದಿಲ್ಲ. ಬಯಾಪ್ಸಿಯಾದರೋ ತಾನು ಅರಿಯಹೊರಟ ವಸ್ತುವನ್ನು ಮುಟ್ಟಿ ಬದಲಿಸುವ ಪ್ರಮಾಣ. ಸೂಜಿ ಹಾಯ್ದ ದಾರಿಯಲ್ಲಿ, ರಕ್ತ ಹರಡಿದ ಜಾಗದಲ್ಲೆಲ್ಲ ಅರ್ಬುದದ ಜೀವಕೋಶಗಳು ಚೆಲ್ಲಿರಬಹುದಾದ್ದರಿಂದ, ಮುಂದಿನ ಶಸ್ತ್ರಕ್ರಿಯೆಯಲ್ಲಿ ಆ ದಾರಿಯನ್ನೂ ಗಡ್ಡೆಯ ಭಾಗವೆಂದೇ ಎಣಿಸಿ ತೆಗೆಯಬೇಕಾಗುತ್ತದೆ. ಅದಕ್ಕಾಗಿಯೇ ಬಯಾಪ್ಸಿಯ ಗಾಯ ಕೈಯ ಉದ್ದಕ್ಕೆ ಇರಬೇಕು, ಅಡ್ಡಲಾಗಿ ಇರಕೂಡದು. ಮುಂದೆ ತೆಗೆಯಲಿರುವ ಭಾಗದೊಳಗೇ ಬರಬೇಕು. ರಕ್ತವನ್ನು ತಡೆಯುವ ಪಟ್ಟಿ ಕಟ್ಟುವಾಗ ಗಡ್ಡೆಯನ್ನು ಒತ್ತಿ ಹಿಂಡಕೂಡದು. ಕೊನೆಯ ಶಸ್ತ್ರಕ್ರಿಯೆ ಮಾಡುವವರೇ ಬಯಾಪ್ಸಿಯನ್ನೂ ಮಾಡುವುದು ಒಳ್ಳೆಯದು ಎಂಬ ನಿಯಮಗಳಿವೆ. ಬಾಸ್ಟನ್ನಿನ ಮೂಳೆ ಶಸ್ತ್ರವೈದ್ಯ ಹೆನ್ರಿ ಮ್ಯಾಂಕಿನ್ ಮತ್ತು ಸಂಗಡಿಗರು 1982ರಲ್ಲಿ ಮೂಳೆ ಮತ್ತು ಮೃದು ಅಂಗಾಂಶಗಳ ಅರ್ಬುದವಿದ್ದ 329 ರೋಗಿಗಳ ಬಯಾಪ್ಸಿಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಂಕಿಗಳನ್ನು ಜ್ಞಾನಮೀಮಾಂಸೆಯ ವಿದ್ಯಾರ್ಥಿಗಳೂ ಓದತಕ್ಕದ್ದು: ನೂರಕ್ಕೆ 18.2 ಮಂದಿಯಲ್ಲಿ ರೋಗನಿರ್ಣಯವೇ ದೊಡ್ಡದಾಗಿ ತಪ್ಪಿತ್ತು, ನೂರಕ್ಕೆ 4.5 ಮಂದಿಗೆ ಬಯಾಪ್ಸಿಯ ದೋಷದಿಂದಲೇ, ಅಗತ್ಯವಿಲ್ಲದ ಅಂಗಚ್ಛೇದನವಾಗಿತ್ತು. ಇವರ ಅಂಗವನ್ನು ಕಳೆದದ್ದು ರೋಗವೆನ್ನುವುದಕ್ಕಿಂತ ರೋಗವನ್ನು ತಿಳಿಯಹೊರಟ ಕ್ರಿಯೆ ಎನ್ನಬೇಕು. ‘ತಿಳಿದುಕೊಳ್ಳುವುದರಲ್ಲಿ ದೋಷವೇನು’ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಅರಿಯುವ ಕ್ರಮಕ್ಕೇ ಇಲ್ಲಿ ಧರ್ಮಾಧರ್ಮಗಳು ಅಂಟಿಕೊಂಡಿವೆ.

ಇದೇ ಸ್ಥಳದಲ್ಲಿ ಕರ್ಮಸಿದ್ಧಾಂತದ ಮಾತನ್ನೂ ಆಡಿ ಮುಗಿಸಬಹುದು. ಹೆಚ್ಚಿನ ಸಾರ್ಕೋಮಾಗಳಿಗೆ ದುಶ್ಚಟದಂಥ ಗೊತ್ತಾದ ಕಾರಣವಿಲ್ಲದಿರುವುದರಿಂದ, ರೋಗಿಯೂ ಮನೆಯವರೂ ‘ಈ ಕೈ ಯಾವ ಪಾಪ ಮಾಡಿತ್ತು’ ಎಂದು ಕೇಳಿಕೊಳ್ಳುವುದು ಸಹಜ. ಆದರೆ ನ್ಯಾಯ–ವೈಶೇಷಿಕರು ಅದೃಷ್ಟವನ್ನು, ಎಂದರೆ ಹಿಂದಿನ ಪುಣ್ಯಪಾಪಗಳ ಶೇಷವನ್ನು, ಕಾಲ, ದಿಕ್ಕು, ಈಶ್ವರ ಮೊದಲಾದವುಗಳ ಜೊತೆಗೆ ‘ಸಾಧಾರಣ ಕಾರಣ’ಗಳಲ್ಲಿ ಸೇರಿಸಿದ್ದಾರೆ. ಎಲ್ಲ ಕಾರ್ಯಗಳಿಗೂ ಸಮಾನವಾಗಿರುವ ಕಾರಣವು ಒಂದು ನಿರ್ದಿಷ್ಟ ಕಾರ್ಯ ಏಕೆ ಹೀಗಾಯಿತೆಂಬುದಕ್ಕೆ ಉತ್ತರವಾಗಲಾರದು. ಕರ್ಮವನ್ನು ಮನಃಪೂರ್ವಕ ನಂಬುವವನೂ, ತನ್ನ ಶಾಸ್ತ್ರಕ್ಕೆ ನಿಷ್ಠನಾಗಿದ್ದರೆ, ಅದನ್ನು ರೋಗನಿದಾನವಾಗಿ ಬಳಸಲು ಹಕ್ಕುಳ್ಳವನಲ್ಲ.

ಅರ್ಬುದವೆಂದು ನಿರ್ಣಯವಾದ ಮೇಲೆ ಎಷ್ಟನ್ನು ತೆಗೆಯಬೇಕು? ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಇದಕ್ಕೆ ಸ್ಪಷ್ಟವಾದ ವಿಧಿಯಿದೆ: ಅರ್ಬುದದ ಶೇಷವನ್ನು ಉಳಿಸಿದರೆ ಅದು ಬೇಗನೆ ಮತ್ತೆ ಹುಟ್ಟುತ್ತದೆ, ಉಳಿದ ಕಿಡಿಯ ಬೆಂಕಿಯಂತೆ ಕೊಲ್ಲುತ್ತದೆ, ಆದ್ದರಿಂದ ಅಶೇಷವಾಗಿ ಎತ್ತಿ ತೆಗೆಯಬೇಕು. ಅದೇ ಸಂಹಿತೆಯ ಶಾರೀರಸ್ಥಾನವು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಣ ‘ಕ್ಷಿಪ್ರ’ವೆಂಬ ಮರ್ಮಕ್ಕೂ ಅಂಗೈಯ ನಡುವಿನ ‘ತಲಹೃದಯ’ವೆಂಬ ಮರ್ಮಕ್ಕೂ ಪೆಟ್ಟಾಗಿ ರಕ್ತಸ್ರಾವದಿಂದ ಜೀವ ಹೋಗುವಂತಿದ್ದರೆ ಕೈಯನ್ನು ಮಣಿಕಟ್ಟಿನಲ್ಲಿ ಕೂಡಲೇ ಛೇದಿಸಬೇಕೆಂದು ಹೇಳುತ್ತದೆ. ಶೇಷವಿಲ್ಲದಂತೆ ಎಂಬ ಸುಶ್ರುತನ ಮಾತಿಗೆ ಅಳತೆಯ ರೂಪ ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಫ್ಲಾರಿಡಾದಲ್ಲಿದ್ದ ವಿಲಿಯಂ ಎನೆಕಿಂಗ್ 1980ರಲ್ಲಿ ಛೇದನದ ಅಂಚನ್ನು ನಾಲ್ಕಾಗಿ ವಿಂಗಡಿಸಿದ: ಗಡ್ಡೆಯ ಒಳಗೇ ಕತ್ತಿ ಹಾಯ್ದದ್ದು, ಗಡ್ಡೆಯ ಪೊರೆಯನ್ನು ಒತ್ತಿಕೊಂಡು ಹಾಯ್ದದ್ದು, ಸುತ್ತಲ ಆರೋಗ್ಯವಂತ ಅಂಗಾಂಶವನ್ನು ಕವಚದಂತೆ ಸೇರಿಸಿಕೊಂಡು ತೆಗೆದದ್ದು, ಗಡ್ಡೆಯಿರುವ ಇಡೀ ಕೋಷ್ಠವನ್ನೇ ತೆಗೆದದ್ದು. ಸಾರ್ಕೋಮಾದ ಸುತ್ತ ಪೊರೆಯಂತೆ ಕಾಣುವುದು ನಿಜವಾದ ಪೊರೆಯಲ್ಲ, ಒತ್ತಡಕ್ಕೆ ಸಿಕ್ಕಿ ದಟ್ಟವಾದ ಅಂಗಾಂಶ. ಅದರಾಚೆಗೂ ಅರ್ಬುದದ ಕಣಗಳು ಚಾಚಿರುತ್ತವೆ. ಹೀಗಾಗಿ ಮೊದಲ ಎರಡು ಅಂಚುಗಳು ಸಾಲವು, ಮೂರನೆಯದಾದರೂ ಬೇಕು.

ಕೈಯ ರಚನೆ ಈ ನಿಯಮಕ್ಕೆ ಒಗ್ಗುವುದಿಲ್ಲ. ತೊಡೆಯಲ್ಲಿ ಎಲ್ಲ ದಿಕ್ಕಿಗೂ ಎರಡು ಸೆಂಟಿಮೀಟರು ಬಿಟ್ಟು ಕತ್ತರಿಸಲು ಮಾಂಸವಿದೆ. ಬೆರಳಿನ ಒಟ್ಟು ದಪ್ಪವೇ ಹೆಚ್ಚುಕಡಿಮೆ ಅಷ್ಟು. ಅಂಗೈಯ ಇಕ್ಕಟ್ಟಿನಲ್ಲಿ ರಜ್ಜುಗಳು, ಅವುಗಳ ಕೋಶಗಳು, ಬೆರಳ ತುದಿಗೆ ಸಂವೇದನೆ ಒಯ್ಯುವ ನರಗಳು, ರಕ್ತನಾಳಗಳ ಕಮಾನುಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ, ಬಿಡಬಹುದಾದದ್ದೆಂಬುದು ಅಲ್ಲಿ ಇಲ್ಲ. ಸ್ಕಾಟ್ಲೆಂಡಿನ ಶರೀರರಚನಾತಜ್ಞ ಚಾರ್ಲ್ಸ್ ಬೆಲ್ 1833ರಲ್ಲಿ ಕೈಯನ್ನೇ ವಿಷಯವಾಗಿಟ್ಟು ಒಂದು ಇಡೀ ಗ್ರಂಥ ಬರೆದು, ಇಷ್ಟು ಸ್ವಲ್ಪದರಲ್ಲಿ ಇಷ್ಟೊಂದು ಸಾಮರ್ಥ್ಯವನ್ನು ಜೋಡಿಸಿದ ಕೌಶಲವೇ ದೇವರ ಸಂಕಲ್ಪಕ್ಕೆ ಸಾಕ್ಷಿ ಎಂದು ವಾದಿಸಿದ್ದ. ದೇವರ ಜ್ಞಾನ, ಶಕ್ತಿ, ಕಾರುಣ್ಯಗಳನ್ನು ಸೃಷ್ಟಿಯಿಂದಲೇ ತೋರಿಸಿಕೊಡುವ ಗ್ರಂಥಗಳಿಗೆಂದು ಬ್ರಿಜ್‌ವಾಟರಿನ ಸಾಮಂತ ಉಯಿಲು ಬರೆದಿಟ್ಟ ಹಣದಿಂದ ಅದು ಪ್ರಕಟವಾಯಿತು. ಬೆರಳು ನುಣ್ಣಗೆ ಜಾರಿ ಬಾಗಲೆಂದು ಇರುವ ಅದೇ ಕೋಶಗಳು ಎಪಿಥೀಲಿಯಾಯ್ಡ್ ಸಾರ್ಕೋಮಾ ಮುಂಗೈಗೆ ಏರುವ ದಾರಿಯೂ ಆಗಿರುವುದನ್ನು ಬೆಲ್ ಕಂಡಿರಲಿಲ್ಲ. ಇದರಿಂದ ದೇವರಿಲ್ಲವೆಂದು ಸಾಧಿಸಲು ಹೊರಡುವುದು ಆತುರವಾದೀತು. ಆದರೆ ರಚನೆಯ ಸೊಬಗೊಂದರಿಂದಲೇ ಕಾರುಣ್ಯವನ್ನು ಊಹಿಸುವ ಬೆಲ್ಲನ ವಾದವು ಕೈಯಂಥ ಅತ್ಯುತ್ತಮ ಉದಾಹರಣೆಯಲ್ಲೇ ಸಡಿಲಗೊಳ್ಳುತ್ತದೆ.

ಅಂಗಚ್ಛೇದನಕ್ಕೆ ಧರ್ಮದ ಅನುಮತಿಯುಂಟೇ ಎಂಬ ಪ್ರಶ್ನೆಗೆ ಪರಂಪರೆಗಳು ಕೊಟ್ಟ ಉತ್ತರಗಳು ಬೆರಗಾಗುವಷ್ಟು ಹತ್ತಿರ ಹತ್ತಿರ ಇವೆ. ಹದಿಮೂರನೆಯ ಶತಮಾನದ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸ್, ಅಂಗವಿರುವುದು ಇಡೀ ಶರೀರದ ಹಿತಕ್ಕಾಗಿ, ಆದ್ದರಿಂದ ಕೊಳೆತು ಶರೀರವನ್ನೇ ಕೆಡಿಸುವ ಅಂಗವನ್ನು ಆ ಅಂಗದ ಒಡೆಯನ ಸಮ್ಮತಿ ಪಡೆದು ಕತ್ತರಿಸಬಹುದು ಎಂದ. ಮುಂದೆ ಕ್ಯಾಥೊಲಿಕ್ ನೀತಿಶಾಸ್ತ್ರದಲ್ಲಿ ಇದು ಸಮಗ್ರತೆಯ ತತ್ತ್ವವೆಂದು ನೆಲೆಗೊಂಡಿತು. ತನ್ನ ದೇಹಕ್ಕೆ ತಾನು ಒಡೆಯನೆಂಬ ಭಾವನೆಯನ್ನೇ ಒಪ್ಪದ ಜರ್ಮನ್ ತತ್ತ್ವಜ್ಞಾನಿ ಕಾಂಟ್, ಹಲ್ಲನ್ನು ಮಾರುವುದು ಕೂಡ ಆಂಶಿಕ ಆತ್ಮಹತ್ಯೆ ಎಂದವನು, 1797ರ ತನ್ನ ನೀತಿಗ್ರಂಥದಲ್ಲಿ ಪ್ರಾಣಕ್ಕೆ ಕುತ್ತು ತರುವ ರೋಗಗ್ರಸ್ತ ಅಂಗದ ಛೇದನವನ್ನು ಮಾತ್ರ ನಿಷೇಧದಿಂದ ಹೊರಗಿಟ್ಟ. ಅನಿವಾರ್ಯವು ನಿಷಿದ್ಧವನ್ನೂ ಅನುಮತಿಸುತ್ತದೆ, ಎರಡು ಕೆಡುಕುಗಳಲ್ಲಿ ಕಿರಿದನ್ನು ಆರಿಸಬೇಕು ಎಂಬ ಇಸ್ಲಾಮೀ ನ್ಯಾಯಸೂತ್ರಗಳೂ, ಜೀವರಕ್ಷಣೆಗಾಗಿ ಮಿಕ್ಕ ಹೆಚ್ಚಿನ ವಿಧಿಗಳನ್ನು ಬದಿಗಿಡಬಹುದೆಂಬ ಯೆಹೂದಿ ನಿಯಮವೂ ಇದೇ ದಿಕ್ಕಿನವು. ಸುಶ್ರುತನ ಮಣಿಕಟ್ಟಿನ ವಿಧಿಯ ಹಿಂದೆಯೂ ಇದೇ ನ್ಯಾಯವಿದೆ.

ಅನುಮತಿ ಕೊಟ್ಟ ಪರಂಪರೆಗಳೇ ಛೇದನಕ್ಕೆ ಒಳಗಾದವನನ್ನು ಮರಳಿ ಬರಮಾಡಿಕೊಳ್ಳುವಲ್ಲಿ ಜಿಪುಣವಾಗಿದ್ದವು ಎಂಬುದನ್ನೂ ಹೇಳಬೇಕು. ಕೈ ಮುರಿದ ಪುರೋಹಿತನು ಬಲಿಪೀಠದ ಬಳಿ ಬರಬಾರದೆಂದು ಬೈಬಲ್ಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿದೆ. ಜೈಮಿನಿಯ ಪೂರ್ವಮೀಮಾಂಸೆಯ ಆರನೆಯ ಅಧ್ಯಾಯವು ಅಂಗಹೀನನಿಗೆ ಯಜ್ಞದ ಅಧಿಕಾರವುಂಟೇ ಎಂದು ಚರ್ಚಿಸಿ, ದೋಷವು ಚಿಕಿತ್ಸೆಯಿಂದ ಸರಿಹೋಗುವಂಥದಾದರೆ ಉಂಟೆಂದೂ ಸರಿಹೋಗದಂಥದಾದರೆ ಇಲ್ಲವೆಂದೂ ಭೇದ ಮಾಡುತ್ತದೆ. 1968ರಲ್ಲಿ ಇಂಗ್ಲೆಂಡಿನ ಜಾನ್ ಕಾಬೆಟ್ ಸೂಕ್ಷ್ಮದರ್ಶಕದ ಕೆಳಗೆ ನರನಾಳಗಳನ್ನು ಹೊಲಿದು ಕಾಲಿನ ಹೆಬ್ಬೆರಳನ್ನು ಕೈಗೆ ಕೂಡಿಸಿದ ಮೇಲೆ, ಸರಿಹೋಗದ ದೋಷ ಯಾವುದೆಂಬ ಗೆರೆ ಎಲ್ಲಿ ಬೀಳಬೇಕೆಂದು ಮೀಮಾಂಸಕರು ಹೊಸದಾಗಿ ಯೋಚಿಸಬೇಕಾದೀತು.

ಸಮಗ್ರತೆಯ ತತ್ತ್ವದಲ್ಲಿ ತರ್ಕದೋಷವಿಲ್ಲ; ಆದರೆ ಅದು ಷರತ್ತಿನ ಮೇಲೆ ನಿಂತ ವಾದ. ಅಂಗವನ್ನು ತೆಗೆದರೆ ಜೀವ ಉಳಿಯುವುದಾದರೆ ತೆಗೆಯಬಹುದು ಎಂಬುದು ಧರ್ಮಶಾಸ್ತ್ರದ ಮಾತು. ತೆಗೆದರೆ ಜೀವ ಉಳಿಯುತ್ತದೆಯೇ ಎಂಬುದು ಧರ್ಮಶಾಸ್ತ್ರಕ್ಕೆ ಗೋಚರಿಸದ ತಥ್ಯ. ಇಪ್ಪತ್ತನೆಯ ಶತಮಾನದ ಬಹುಭಾಗ ತೋಳುಕಾಲುಗಳ ಸಾರ್ಕೋಮಾಕ್ಕೆ ಅಂಗಚ್ಛೇದನವೇ ಮುಖ್ಯ ಚಿಕಿತ್ಸೆಯಾಗಿತ್ತು, ಏಕೆಂದರೆ ಹೆಚ್ಚು ತೆಗೆದಷ್ಟೂ ಹೆಚ್ಚು ಸುರಕ್ಷಿತವೆಂಬುದನ್ನು ಪರೀಕ್ಷೆಗೆ ಒಡ್ಡದೆ ನಂಬಲಾಗಿತ್ತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಸ್ಟೀವನ್ ರೋಸೆನ್‌ಬರ್ಗ್ ಮತ್ತು ಸಂಗಡಿಗರು 1975ರಿಂದ 1981ರವರೆಗೆ ತೋಳುಕಾಲುಗಳ ಸಾರ್ಕೋಮಾ ಇದ್ದ 43 ರೋಗಿಗಳನ್ನು, ಅವರ ಒಪ್ಪಿಗೆಯ ಮೇಲೆ, ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿದರು. 16 ಮಂದಿಗೆ ಅಂಗಚ್ಛೇದನ. 27 ಮಂದಿಗೆ ಅಂಗವನ್ನು ಉಳಿಸಿ ಗಡ್ಡೆಯನ್ನು ತೆಗೆದು ವಿಕಿರಣ ಚಿಕಿತ್ಸೆ. 1982ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಂಗ ಉಳಿಸಿಕೊಂಡವರಲ್ಲಿ ನಾಲ್ವರಿಗೆ ಗಡ್ಡೆ ಅದೇ ಜಾಗದಲ್ಲಿ ಮರಳಿತು, ಅಂಗ ಕಳೆದುಕೊಂಡವರಲ್ಲಿ ಯಾರಿಗೂ ಮರಳಲಿಲ್ಲ. ಆದರೂ ಐದು ವರ್ಷ ಬದುಕಿ ಉಳಿಯುವವರ ಪ್ರಮಾಣ ಅಂಗ ಉಳಿಸಿಕೊಂಡವರಲ್ಲಿ ನೂರಕ್ಕೆ 83, ಕಳೆದುಕೊಂಡವರಲ್ಲಿ 88, ಮತ್ತು ಈ ಅಂತರವು ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಲೆಕ್ಕಕ್ಕೆ ಬರುವಂಥದಾಗಿರಲಿಲ್ಲ. ಸಾರ್ಕೋಮಾದಿಂದ ಸಾಯುವವರು ಬಹುತೇಕ ಶ್ವಾಸಕೋಶಕ್ಕೆ ಹರಡಿದ ರೋಗದಿಂದ ಸಾಯುತ್ತಾರೆ, ಆ ಹರಡುವಿಕೆಯ ಬೀಜ ಎಷ್ಟೋ ಸಲ ಶಸ್ತ್ರಕ್ರಿಯೆಗೆ ಮುಂಚೆಯೇ ಬಿದ್ದಿರುತ್ತದೆ. ತೋಳನ್ನು ಇನ್ನೂ ಮೇಲೆ ಕಡಿದರೂ ಆ ಹರಡುವಿಕೆ ಹಿಮ್ಮೆಟ್ಟದು. ಪ್ರಯೋಗ ಚಿಕ್ಕದು, ಕೈಯೊಂದನ್ನೇ ಕುರಿತದ್ದೂ ಅಲ್ಲ, ನಿಜ. ಆದರೂ ಅದರ ನೈತಿಕ ಪರಿಣಾಮ ದೊಡ್ಡದು: ಅಕ್ವಿನಾಸನ ಮಾತನ್ನು ಒಂದಕ್ಷರವೂ ತಿದ್ದದೆ, ಎಷ್ಟೋ ಸಂದರ್ಭಗಳಲ್ಲಿ ಆ ಮಾತು ಕೊಡುತ್ತಿದ್ದ ಅನುಮತಿಯನ್ನು ಈ ಪ್ರಯೋಗ ಹಿಂತೆಗೆದುಕೊಂಡಿತು. ನೀತಿವಾಕ್ಯ ನಿರ್ದುಷ್ಟವಾಗಿದ್ದೂ ಅದರಡಿಯಲ್ಲಿ ನಡೆಯುವ ಕೆಲಸ ಅನ್ಯಾಯವಾಗಬಲ್ಲದು, ಏಕೆಂದರೆ ಅದಕ್ಕೆ ಆಧಾರವಾದ ತಥ್ಯವನ್ನು ಯಾರೂ ವಿಚಾರಿಸಿರುವುದಿಲ್ಲ. ಹಾಗೆಂದು ಅಂಗಚ್ಛೇದನ ಸಂಪೂರ್ಣವಾಗಿ ಹಿಂದೆ ಸರಿಯಲಿಲ್ಲ. ಸಾಕಷ್ಟು ಅಂಚು ಬಿಟ್ಟು ತೆಗೆದ ಮೇಲೆ ಉಳಿಯುವ ಕೈ ಕೈಯಾಗಿ ಕೆಲಸ ಮಾಡದು ಎಂದಾದಾಗ, ಗಡ್ಡೆ ಬೆರಳನ್ನೇ ಆವರಿಸಿದಾಗ, ಪದೇ ಪದೇ ಮರಳಿದಾಗ ಅದು ಇಂದಿಗೂ ಬೇಕಾಗುತ್ತದೆ.

ಬದುಕಿ ಉಳಿದ ವರ್ಷಗಳನ್ನು ಮಾತ್ರ ಅಳೆಯುವ ಲೆಕ್ಕದಲ್ಲಿ ಕೈಯೂ ಕಾಲ್ಬೆರಳೂ ಒಂದೇ. ಸಮಗ್ರತೆಯ ತತ್ತ್ವದ ಆಳದ ತೊಡಕಿರುವುದು ಇಲ್ಲಿ: ಅಂಗವು ಪೂರ್ಣಕ್ಕಾಗಿ ಇದೆ ಎಂದು ಅದು ಹೇಳುತ್ತದೆ, ಪೂರ್ಣವು ಏನಾದರೂ ಮಾಡುವುದು ಯಾವುದರ ಮೂಲಕ ಎಂದು ಕೇಳುವುದಿಲ್ಲ. ಮನುಷ್ಯನಿಗೆ ಕೈಗಳಿರುವುದರಿಂದಲೇ ಅವನು ಬುದ್ಧಿಶಾಲಿಯಾದ ಎಂದು ಗ್ರೀಸಿನ ಅನಾಕ್ಸಾಗೊರಸ್, ಬುದ್ಧಿಶಾಲಿಯಾದ್ದರಿಂದ ಅವನಿಗೆ ಕೈಗಳು ದೊರೆತವು ಎಂದು ಅರಿಸ್ಟಾಟಲ್ ವಾದಿಸಿದರು; ಕಾರ್ಯಕಾರಣಗಳ ದಿಕ್ಕಿನಲ್ಲಿ ಭಿನ್ನರಾದರೂ ಕೈಯನ್ನು ಬಿಟ್ಟು ಮನುಷ್ಯತ್ವವನ್ನು ಹೇಳಲಾಗದೆಂಬಲ್ಲಿ ಇಬ್ಬರೂ ಒಂದೇ. ಸಾಂಖ್ಯರು ಪಾಣಿಯನ್ನು ಐದು ಕರ್ಮೇಂದ್ರಿಯಗಳಲ್ಲಿ ಒಂದಾಗಿ ಎಣಿಸಿ, ಹಿಡಿಯುವುದು ಅದರ ಕೆಲಸವೆಂದರು. ಸ್ಪರ್ಶವನ್ನು ಅವರು ತ್ವಕ್ ಎಂಬ ಬೇರೆಯ ಜ್ಞಾನೇಂದ್ರಿಯಕ್ಕೆ ಒಪ್ಪಿಸಿದರು. ಈ ವಿಂಗಡಣೆ ಕೈಯ ಮಟ್ಟಿಗೆ ಸಾಲದು ಎಂಬುದನ್ನು ತೋರಿಸಿದ್ದು ತಮಿಳುನಾಡಿನ ವೆಲ್ಲೂರಿನಲ್ಲಿ 1940ರ ದಶಕದ ಕೊನೆಯಿಂದ ಕುಷ್ಠರೋಗಿಗಳ ಕೈಗಳ ಮೇಲೆ ಕೆಲಸ ಮಾಡಿದ ಪಾಲ್ ಬ್ರಾಂಡ್. ಕುಷ್ಠದಲ್ಲಿ ಬೆರಳುಗಳು ತಾವಾಗಿ ಕೊಳೆತು ಉದುರುವುದಿಲ್ಲ. ಸ್ಪರ್ಶ ಸತ್ತಿರುವುದರಿಂದ ರೋಗಿ ಬಿಸಿ ಪಾತ್ರೆಯನ್ನೋ ಹರಿತವಾದ ಅಂಚನ್ನೋ ಹಿಡಿದು ಅರಿಯದೆಯೇ ಗಾಯ ಮಾಡಿಕೊಳ್ಳುತ್ತ ಹೋಗುತ್ತಾನೆ, ಆ ಗಾಯಗಳಿಂದ ಬೆರಳು ಹೋಗುತ್ತದೆ. ಅರಿಯದ ಕೈಗೆ ಹಿಡಿತವೂ ಬಹುಕಾಲ ಉಳಿಯದು. ಸಾರ್ಕೋಮಾದ ಶಸ್ತ್ರವೈದ್ಯನು ಗಡ್ಡೆಯ ಜೊತೆಗೆ ನರವನ್ನೂ ತೆಗೆಯಬೇಕಾಗಿ ಬಂದು, ಮರಗಟ್ಟಿದ, ಮಡಚಲಾಗದ ಬೆರಳೊಂದನ್ನು ಉಳಿಸಿದರೆ, ರೋಗಿ ಅದನ್ನು ಬಳಸದೆ ಬದಿಗೊತ್ತುತ್ತಾನೆ, ಅದು ಉಳಿದ ಬೆರಳುಗಳ ಕೆಲಸಕ್ಕೂ ಅಡ್ಡಬರುತ್ತದೆ. ಇಂಥಲ್ಲಿ ಬೆರಳನ್ನು ಅದರ ಅಂಗೈಮೂಳೆಯ ಸಮೇತ ತೆಗೆದು ಎರಡೂ ಬದಿಯ ಬೆರಳುಗಳನ್ನು ಹತ್ತಿರ ತರುವ ಶಸ್ತ್ರಕ್ರಿಯೆಯೇ ಮೇಲು.

ಹಾಗೆ ಮೂಡಿದ ನಾಲ್ಕು ಬೆರಳಿನ ಕೈ ಹಳೆಯ ಕೈಯೇ, ಹೊಸದೇ? ನ್ಯಾಯ–ವೈಶೇಷಿಕರ ಪ್ರಕಾರ ಅವಯವಿ, ಎಂದರೆ ಪೂರ್ಣವಸ್ತು, ಅವಯವಗಳ ಬರಿಯ ರಾಶಿಯಲ್ಲ, ಅವುಗಳಲ್ಲಿ ಸಮವಾಯವೆಂಬ ಸಂಬಂಧದಿಂದ ನೆಲೆಸಿರುವ ಬೇರೊಂದು ದ್ರವ್ಯ. ಬಟ್ಟೆಯ ಒಂದು ತುಂಡು ಹೋದರೆ ಹಳೆಯ ಬಟ್ಟೆ ನಾಶವಾಗಿ, ಉಳಿದ ನೂಲುಗಳಿಂದ ‘ಖಂಡಪಟ’ವೆಂಬ ಹೊಸ ಬಟ್ಟೆ ಹುಟ್ಟುತ್ತದೆ. ತರ್ಕದ ಅತಿಸೂಕ್ಷ್ಮತೆಯೆಂದು ನಗೆಗೀಡಾದ ಈ ಮತವು ಕೈಯ ಶಸ್ತ್ರಕ್ರಿಯೆಯ ವಾಸ್ತವಕ್ಕೆ ಮಿಕ್ಕ ಮತಗಳಿಗಿಂತ ಹೆಚ್ಚು ಹೊಂದುತ್ತದೆ: ಶಸ್ತ್ರವೈದ್ಯನು ಕೊರೆಯಿರುವ ಕೈಯೊಂದನ್ನು ಬಿಟ್ಟು ಹೋಗುವುದಿಲ್ಲ, ಭಾರ ಹೊರುವ ರೀತಿ, ಹಿಡಿತದ ಅಗಲ ಎಲ್ಲವೂ ಬೇರೆಯಾದ ಮತ್ತೊಂದು ಅವಯವಿಯನ್ನು ಕಟ್ಟುತ್ತಾನೆ. ಆದರೆ ಹಳೆಯ ಅವಯವಿ ನಾಶವಾಯಿತೆಂಬುದನ್ನು ಮಿದುಳು ಒಪ್ಪುವುದಿಲ್ಲ. 1871ರಲ್ಲಿ ಅಮೆರಿಕದ ವೈದ್ಯ ಸೈಲಸ್ ವಿಯರ್ ಮಿಚೆಲ್ ಮಾಯಾಂಗವೆಂದು ಹೆಸರಿಟ್ಟ ಅನುಭವ, ಎಂದರೆ ಇಲ್ಲದ ಅಂಗ ಇರುವಂತೆ ತೋರಿ ನೋಯುವುದು, ಡೆಕಾರ್ಟನ ಹುಡುಗಿಯ ಅನುಭವವೇ. ಶಂಕರರ ದೃಷ್ಟಾಂತಕ್ಕೆ ಇದರಿಂದ ಬಾಧೆಯಿದೆಯೇ ಎಂದು ಕೇಳಬಹುದು, ಏಕೆಂದರೆ ಕಡಿದು ಬಿಸುಟ ಕೈ ‘ನನ್ನದು’ ಎಂಬ ಪ್ರತ್ಯಯವನ್ನು ಬಿಟ್ಟುಕೊಡದೆ ಉಳಿಯುತ್ತದೆ. ವೇದಾಂತಿಯ ಸಮಾಧಾನ ಕಷ್ಟವಲ್ಲ: ಮಾಯಾಂಗವೂ ಅದರ ನೋವೂ ಅರಿಯಲ್ಪಡುತ್ತವೆ, ಅರಿಯಲ್ಪಡುವುದು ದೃಶ್ಯ, ದೃಶ್ಯವು ದ್ರಷ್ಟೃವಾಗಲಾರದು. ವಾದವಾಗಿ ಇದು ಗಟ್ಟಿಯಾಗಿಯೇ ಇದೆ. ಆದರೆ ಅದು ಪರಮಾರ್ಥದ ನೆಲೆಯ ಮಾತು. ವ್ಯವಹಾರದ ನೆಲೆಯಲ್ಲಿ ವಿಧಿನಿಷೇಧಗಳನ್ನೂ ದುಃಖನಿವೃತ್ತಿಯ ಯತ್ನಗಳನ್ನೂ ಶಂಕರರು ಎಲ್ಲಿಯೂ ರದ್ದು ಮಾಡಿಲ್ಲ. ಆತ್ಮನಿಗೆ ಕೈಯಿಲ್ಲವೆಂಬ ಸಿದ್ಧಾಂತವನ್ನು ಒಪ್ಪಿಗೆಪತ್ರಕ್ಕೆ ರುಜು ಹಾಕಲು ಅಳುಕುತ್ತಿರುವವನ ಮುಂದೆ ಸಾಂತ್ವನವಾಗಿ ಆಡುವವರು ಎರಡು ನೆಲೆಗಳನ್ನು ಬೆರೆಸುತ್ತಾರೆ. ಅದು ವೇದಾಂತವೂ ಅಲ್ಲ, ವೈದ್ಯವೂ ಅಲ್ಲ.

ಅಕ್ವಿನಾಸನು ಒಡೆಯನ ಸಮ್ಮತಿಯನ್ನು ಕೇಳಿದ್ದು ಈ ಕಾರಣದಿಂದ ಬರಿಯ ವಿಧಿವಿಧಾನವಾಗಿ ಉಳಿಯುವುದಿಲ್ಲ. ಅಂಚು ಎಷ್ಟಿರಬೇಕೆಂಬುದು ವೈದ್ಯನಿಗೆ ಗೊತ್ತು. ಆ ಅಂಚಿನೊಳಗೆ ಏನು ಹೋಗುತ್ತದೆಂಬುದು ರೋಗಿಗೆ ಮಾತ್ರ ಗೊತ್ತು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಬಲಗೈಯಿಂದ ಪೂಜಿಸುವ ಲಿಂಗಾಯತ ಆಚರಣೆಯವರಿಗೆ ಎಡ ಅಂಗೈಯು ‘ಪ್ರಧಾನವಲ್ಲದ ಕೈ’ ಎಂಬ ವೈದ್ಯಕೀಯ ವರ್ಗದಲ್ಲಿ ಬೀಳುವುದಿಲ್ಲ. ವೀಣೆಯವನಿಗೆ, ಮಗ್ಗದವನಿಗೆ, ಬಲಗೈಯಿಂದಲೇ ಉಣ್ಣುವ ಮತ್ತು ಕೊಡುವ ಮನೆತನಗಳಲ್ಲಿ ಬೆಳೆದವರಿಗೆ ಒಂದೊಂದು ಬೆರಳಿನ ತೂಕವೂ ಬೇರೆ. ಐದು ವರ್ಷಗಳ ಲೆಕ್ಕದಲ್ಲಿ ಎರಡು ದಾರಿಗಳೂ ಸಮವಾಗಿ ಕಂಡಾಗ ನಿರ್ಣಯವನ್ನು ತೂಗಿಸುವುದು ಇವೇ, ಮತ್ತು ಇವುಗಳನ್ನು ಕೇಳಿ ತಿಳಿಯದ ವೈದ್ಯನು ತನ್ನ ಪ್ರಮಾಣಗಳಲ್ಲಿ ಒಂದನ್ನು ಬಿಟ್ಟಂತೆಯೇ.

ಶಸ್ತ್ರಕ್ರಿಯೆಯ ನಂತರವೂ ಪ್ರಶ್ನೆ ಮುಗಿಯುವುದಿಲ್ಲ. ತೆಗೆದ ಭಾಗವನ್ನು ಹೂಳಬೇಕೆಂಬುದು ಯೆಹೂದಿ ಮತ್ತು ಮುಸ್ಲಿಂ ಸಂಪ್ರದಾಯಗಳ ರೂಢಿ. ಭಾರತದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಮಾನವ ಅಂಗಾಂಶವನ್ನು ಹಳದಿ ಚೀಲದಲ್ಲಿ ಹಾಕಿ ಸುಡುವುದಕ್ಕೆ ಇಲ್ಲವೇ ಕೆಲವೆಡೆ ಆಳವಾಗಿ ಹೂಳುವುದಕ್ಕೆ ವಿಧಿಸುತ್ತವೆ. ಈ ಎರಡಕ್ಕೂ ಮೊದಲು ಅದು ಪ್ರಯೋಗಶಾಲೆಗೆ ಹೋಗಬೇಕು. ಅಲ್ಲಿ ತುಂಡಿನ ಹೊರಮೈಗೆ ಬಣ್ಣದ ಶಾಯಿ ಬಳಿದು, ತೆಳು ಪದರಗಳಾಗಿ ಸೀಳಿ, ಶಾಯಿ ತಾಗಿದ ಅಂಚಿನವರೆಗೆ ಅರ್ಬುದದ ಕಣಗಳು ಬಂದಿವೆಯೇ ಎಂದು ನೋಡುತ್ತಾರೆ. ಕೈಯನ್ನು ಬೇಗ ಮಣ್ಣಿಗೆ ಸೇರಿಸಬೇಕೆಂಬ ಮನೆಯವರ ಕೋರಿಕೆಗೂ ಈ ಪರೀಕ್ಷೆಗೂ ಕೆಲವು ದಿನಗಳ ಘರ್ಷಣೆಯಿದೆ. ಪರೀಕ್ಷೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ನಿಯಮಾನುಸಾರ ಒಪ್ಪಿಸಬಹುದೇ ಎಂಬುದನ್ನು ಶಸ್ತ್ರಕ್ರಿಯೆಗೆ ಮೊದಲೇ ಮಾತಾಡಿಕೊಳ್ಳಬೇಕು. ಅಂಚಿನಲ್ಲಿ ಕಣಗಳು ಕಂಡರೆ ಅಶೇಷವೆಂದುಕೊಂಡದ್ದು ಸಶೇಷವಾಗಿತ್ತೆಂದು ತಿಳಿಯುತ್ತದೆ, ಮತ್ತೊಮ್ಮೆ ಛೇದನವೋ ವಿಕಿರಣವೋ ಎಂಬ ಆಯ್ಕೆ ಎದ್ದು ನಿಲ್ಲುತ್ತದೆ, ಒಪ್ಪಿಗೆಯನ್ನು ಅದೇ ವ್ಯಕ್ತಿಯಿಂದ ಎರಡನೆಯ ಸಲ, ಈ ಬಾರಿ ಇನ್ನಷ್ಟು ಕಡಿಮೆ ಉಳಿದಿರುವ ಕೈಯ ಬಗ್ಗೆ, ಕೇಳಬೇಕಾಗುತ್ತದೆ.